"ಇವರನ್ನ ಬಿಟ್ಟು ಎಲ್ಲಿ ಹೋಗ್ಲಿ ಮೇಡಂ?"

ಹನುಮಂತನಗರದ ಒಂದು ಮನೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಯಜಮಾನರಿಗೆ ಸ್ಟ್ರೋಕ್ ಆಗಿ ನಾಲ್ಕು ವರ್ಷವಾಗಿತ್ತು, ಬಲಗಡೆ ಸ್ವಾಧೀನ ಇಲ್ಲ. ನೋಡಿಕೊಳ್ಳುತ್ತಿದ್ದ ಹೆಂಡತಿಗೆ 66 ವರ್ಷ, ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸಿಕೊಂಡು ಸಂಜೆಗೆ ಮನೆಗೆ ಬರಬಹುದಿತ್ತು. ಆದರೂ ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಲೇ ಇದ್ದರು. ಆಪರೇಷನ್ ಆದಮೇಲೆ ಸ್ವಲ್ಪ ದಿನ ಬಗ್ಗಬೇಡಿ, ಭಾರ ಎತ್ತಬೇಡಿ ಅಂತ ಡಾಕ್ಟರ್ ಹೇಳಿದ್ದರು. ಆಕೆಯ ದಿನವೆಲ್ಲ ಬಗ್ಗೋದು, ಎತ್ತೋದೇ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡ್‌ಗೆ. ಮಾತ್ರೆಯ ಹೆಸರು ಕಾಣದೆ ಬಣ್ಣ ನೋಡಿ ಕೊಡುತ್ತಿದ್ದರು. "ಇವರನ್ನ ಬಿಟ್ಟು ಎಲ್ಲಿ ಹೋಗ್ಲಿ ಮೇಡಂ?" ಅಂದರು.

ನಾನು ಮೆಡಿಕಲ್ ಸೋಶಿಯಲ್ ವರ್ಕರ್. ಈ ಮಾತು ಕಿವಿಗೆ ಬೀಳದ ವಾರವಿಲ್ಲ. ನೋಡಿಕೊಳ್ಳುವವರ ಜಾಗದಲ್ಲಿ ಸ್ವಲ್ಪ ಹೊತ್ತು ಇನ್ನೊಬ್ಬರು ನಿಲ್ಲುವುದಕ್ಕೆ ರೆಸ್ಪೈಟ್ ಕೇರ್ ಅಂತಾರೆ. ಅಟೆಂಡರ್ ಮನೆಗೇ ಬಂದು ನಾಲ್ಕು ಗಂಟೆ ಇರಬಹುದು. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಡೇ ಕೇರ್ ಇರಬಹುದು. ಇಲ್ಲವೇ ಒಂದೆರಡು ವಾರ ಇರಿಸಿಕೊಳ್ಳುವ ಕೇಂದ್ರ ಇರಬಹುದು. ಸುಸ್ತಾಗಿ ಬಿದ್ದ ಮೇಲೆ ಹುಡುಕುವ ಸೇವೆ ಇದಲ್ಲ. ಬಿಪಿ ಮಾತ್ರೆಯ ಹಾಗೆ ಮೊದಲಿನಿಂದಲೇ, ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳಬೇಕು.

ಬೆಂಗಳೂರಿನಲ್ಲಿ ಇಂಥ ಜಾಗಗಳು ಇಲ್ಲದೆ ಇಲ್ಲ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಕೇಂದ್ರವಿದೆ. ಮಾರತ್ತಹಳ್ಳಿಯ ಕರುಣಾಶ್ರಯ 1999ರಿಂದ, ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಇರುವವರನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಮಾನಸಿಕ ಕಾಯಿಲೆ ಇರುವವರಿಗೆ ನಿಮ್ಹಾನ್ಸ್‌ನಲ್ಲಿ ಡೇ ಕೇರ್ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವ ಮಕ್ಕಳ ಅಪ್ಪ-ಅಮ್ಮಂದಿರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಯೋಜನೆಗಳ ಬಗ್ಗೆ ಕೇಳಿ. ಆ ಟ್ರಸ್ಟ್ ಬಂದದ್ದು 1999ರ ಕಾಯ್ದೆಯಿಂದ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಅದಕ್ಕೊಂದು ಸ್ಥಳೀಯ ಸಮಿತಿ ಇರುತ್ತದೆ. ಹಿರಿಯರ ವಿಷಯದಲ್ಲಿ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ದರೆ 14567 ಸಹಾಯವಾಣಿಗೆ ಫೋನ್ ಮಾಡಿ.

ಆದರೆ ಸೇವೆ ಇದ್ದರೆ ಸಾಲದು, ಕೈಗೆ ಸಿಗಬೇಕು. ಕೆಂಗೇರಿಯವರಿಗೆ ಕಸ್ತೂರಿನಗರ ಬೇರೆ ಊರೇ. ಹೋಗಿಬರುವುದರಲ್ಲೇ ಬಿಡುವೆಲ್ಲ ಮುಗಿದುಹೋಗುತ್ತದೆ. ವ್ಹೀಲ್‌ಚೇರನ್ನು ಎರಡು ಮಹಡಿ ಇಳಿಸಲು ಇಬ್ಬರು ಬೇಕು, ಆಟೋದಲ್ಲಿ ಕೂರಿಸಲು ಇನ್ನೊಬ್ಬರು. ಡೇ ಕೇರ್ ನಾಲ್ಕಕ್ಕೇ ಮುಚ್ಚಿದರೆ ಕೆಲಸಕ್ಕೆ ಹೋಗುವ ಮಗಳಿಗೆ ಏನು ಉಪಯೋಗ? ಅಟೆಂಡರ್‌ಗೆ ಕೊಡುವ ಹಣ ಮನೆ ಬಾಡಿಗೆಗಿಂತ ಜಾಸ್ತಿಯಾದ ಮನೆಗಳನ್ನೂ ನೋಡಿದ್ದೇನೆ. ಮಕ್ಕಳಿಗೆ ಅಂಗನವಾಡಿ ಇರುವ ಹಾಗೆ, ಪ್ರತಿ ವಾರ್ಡಿನಲ್ಲೂ ನಡೆದು ಹೋಗುವಷ್ಟು ಹತ್ತಿರ, ನೆಲಮಹಡಿಯಲ್ಲಿ, ಹಿಡಿಕೆ ಇರುವ ಟಾಯ್ಲೆಟ್ ಜೊತೆಗೆ ಇಂಥದ್ದೊಂದು ಜಾಗ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಮನಸ್ಸಿನದು. "ಕಟ್ಟಿಕೊಂಡ ಗಂಡನ್ನ ಬೇರೆಯವರ ಕೈಗೆ ಕೊಟ್ಟಳು" ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಹಾಗೆ ಅನ್ನುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಭಾನುವಾರ ಬಂದು ಎರಡು ಗಂಟೆ ನೀವೇ ಕೂತುಕೊಳ್ಳಿ, ಅದೂ ರೆಸ್ಪೈಟೇ.

ಹನುಮಂತನಗರದ ಮನೆಯಲ್ಲಿ ನಾವು ಶುರು ಮಾಡಿದ್ದು ಒಂದು ನೋಟ್‌ಬುಕ್‌ನಿಂದ. ಆಕೆಯ ತಲೆಯಲ್ಲಿ ಇದ್ದದ್ದೆಲ್ಲ ಅದರಲ್ಲಿ ಇಳಿಯಬೇಕಿತ್ತು. ಆಕೆ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಬೇಕು, ಆದಮೇಲೂ ಅರ್ಧ ಗಂಟೆ ಮಲಗಿಸಬಾರದು. ನೀರು ಗುಟುಕು ಗುಟುಕಾಗಿ ಕೊಡಬೇಕು. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬಾರದು, ಭುಜ ನೋಯುತ್ತದೆ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಅನ್ನೋದನ್ನು ಚೀಟಿ ನೋಡಿ ದೊಡ್ಡ ಅಕ್ಷರದಲ್ಲಿ ಬರೆದೆವು. ಕೊನೆಗೆ ಆಕೆ ಒಂದು ಕ್ಷಣ ಸುಮ್ಮನಿದ್ದು, "ಎಡಗೈಯಿಂದ ಹೊದಿಕೆ ಕಿತ್ತು ಹಾಕಿದ್ರೆ ಕೋಪ ಅಲ್ಲ, ಒಂದಕ್ಕೆ ಹೋಗ್ಬೇಕು ಅಂತ" ಅಂದರು. ಅದು ಯಾವ ಡಿಸ್ಚಾರ್ಜ್ ಸಮ್ಮರಿಯಲ್ಲೂ ಇರುವುದಿಲ್ಲ, ಅಲ್ವಾ?

ಇಲ್ಲಿ ಅಟೆಂಡರ್ ಆಗಿ ಬರುವ ಎಷ್ಟೋ ಹುಡುಗ ಹುಡುಗಿಯರು ಹೊರ ರಾಜ್ಯದವರು. ಏಜೆನ್ಸಿಗೆ ಫೋನ್ ಮಾಡಿದಾಗಲೇ ಭಾಷೆ ಕೇಳಿಕೊಳ್ಳಿ. ಕನ್ನಡ ಬಾರದವರೇ ಬಂದರೆ ನೀರು, ನೋವು, ಸಾಕು, ಉಸಿರು ಅನ್ನುವ ಹತ್ತು ಮಾತು ಮೊದಲ ದಿನವೇ ಕಲಿಸಿ. ಎತ್ತುವ ತರಬೇತಿ ಆಗಿದೆಯಾ, ರಜೆ ಹಾಕಿದರೆ ಬದಲಿಗೆ ಯಾರು ಬರುತ್ತಾರೆ ಅಂತಲೂ ಕೇಳಿ.

ಹನುಮಂತನಗರದ ಮನೆಯಲ್ಲಿ ಮೊದಲ ದಿನ ಅಟೆಂಡರ್ ಕೆಲಸ ಮಾಡಿದರು, ಆಕೆ ಪಕ್ಕದಲ್ಲೇ ನಿಂತು ನೋಡಿದರು. ಮೂರನೇ ದಿನ ಅಡುಗೆಮನೆಯಲ್ಲಿ ಕೂತರು. ಐದನೇ ದಿನ ಮೆಟ್ಟಿಲು ಇಳಿದು ರಾಮಾಂಜನೇಯ ಗುಡ್ಡದವರೆಗೆ ಹೋಗಿ ಬಂದರು. ಹೀಗೆ ನಿಧಾನವಾಗಿ ಬಿಟ್ಟುಕೊಟ್ಟರೆ ಇಬ್ಬರಿಗೂ ಒಗ್ಗುತ್ತದೆ. ಡಿಮೆನ್ಷಿಯಾ ಇರುವವರಿಗಂತೂ ಇದು ಇನ್ನೂ ಮುಖ್ಯ. ಹೊಸ ಜಾಗ, ಹೊಸ ಮುಖ ಕಂಡರೆ ಅವರಿಗೆ ಗಲಿಬಿಲಿ, ಸಂಜೆ ಹೊತ್ತಿಗಂತೂ ಜಾಸ್ತಿ. ಅದಕ್ಕೇ ಅವರಿಗೆ ಮೊದಲು ಮನೆಯಲ್ಲೇ ಒಬ್ಬರನ್ನು ರೂಢಿ ಮಾಡಿಸಿ. ಕೇಂದ್ರಕ್ಕೆ ಕಳಿಸಲೇಬೇಕಾದರೆ ಅವರ ಹಳೇ ಹೊದಿಕೆಯನ್ನೂ ಕಳಿಸಿ.

ಕಳೆದ ತಿಂಗಳು ಆಕೆಯ ಒಂದು ಕಣ್ಣಿನ ಆಪರೇಷನ್ ಆಯಿತು. ಮೊನ್ನೆ ಹೋದಾಗ ಮಾತ್ರೆಯ ಹೆಸರನ್ನು ನನಗೇ ಓದಿ ಹೇಳಿದರು. ಯಜಮಾನರು ಅಟೆಂಡರ್ ಕೈಯಿಂದ ಕಾಫಿ ಕುಡಿಯುತ್ತಿದ್ದರು. ಇನ್ನೊಂದು ಕಣ್ಣಿಗೂ ದಿನ ಗೊತ್ತಾಗಿದೆ. ಆಗಲೂ ಇದೇ ಹುಡುಗನೇ ಬರಲಿ ಅಂತ ಆಕೆ ಈಗಲೇ ಏಜೆನ್ಸಿಗೆ ಹೇಳಿಟ್ಟಿದ್ದಾರೆ.