ಕಂಡಕ್ಟರನ ‘ರೈಟ್’ ಮತ್ತು ಆಧುನಿಕೋತ್ತರ ತತ್ತ್ವಜ್ಞಾನ

ಮಂಗಳೂರಿನ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ‘ರೈಟ್ ಪೋಯಿ’ ಎಂದರೆ ಬಸ್ಸು ಹೊರಡುತ್ತದೆ. ಬಸ್ಸು ಎಡಕ್ಕೆ ಹೊರಳುವಾಗಲೂ ಆತ ಹೇಳುವುದು ‘ರೈಟ್’ ಎಂದೇ. ‘ರೈಟ್’ ಇಂಗ್ಲಿಷಿನದು, ‘ಪೋಯಿ’ ತುಳುವಿನದು; ಕೇಳಿಸಿಕೊಳ್ಳುವ ಡ್ರೈವರ್ ಮನೆಯಲ್ಲಿ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುವವನಾಗಿರಬಹುದು. ಆದರೂ ‘ರೈಟ್’ ಎಂದದ್ದನ್ನು ಕೇಳಿ ಬಲಕ್ಕೆ ತಿರುಗಿಸಿದ ಡ್ರೈವರನನ್ನು ನಾನು ಈವರೆಗೆ ಕಂಡಿಲ್ಲ. ಅದೇ ಬಸ್ಸಿನಲ್ಲಿ ‘ಒಂದು ಸ್ಟೇಟ್ ಬ್ಯಾಂಕ್’ ಎಂದು ಹಣ ಚಾಚಿದರೆ ಬಸ್ ನಿಲ್ದಾಣಕ್ಕೆ ಟಿಕೆಟ್ ಸಿಗುತ್ತದೆ. ನಿಜವಾಗಿಯೂ ಬ್ಯಾಂಕಿನಲ್ಲಿ ಕೆಲಸವಿರುವವರು ‘ಸ್ಟೇಟ್ ಬ್ಯಾಂಕಿನಲ್ಲಿ ಇಳಿದು ಬ್ಯಾಂಕಿಗೆ ಹೋಗಬೇಕು’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ‘ಜ್ಯೋತಿ’ ಎಂಬ ಸ್ಟಾಪಿಗೆ ಹೆಸರು ಬಂದದ್ದು ಅಲ್ಲಿದ್ದ ಚಿತ್ರಮಂದಿರದಿಂದ. ಚಿತ್ರಮಂದಿರ ಹೋಯಿತು, ಸ್ಟಾಪು ಜ್ಯೋತಿಯಾಗಿಯೇ ಉಳಿಯಿತು.

ಇಂಥ ಮಾತುಗಳನ್ನು ‘ತಪ್ಪು ಪ್ರಯೋಗ’ ಎಂದು ತಳ್ಳಿಹಾಕುವ ಓದಿದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಪದಕ್ಕೆ ನಿಜವಾದ ಅರ್ಥವೊಂದು ಎಲ್ಲೋ ಭದ್ರವಾಗಿದೆ, ಜನರು ಅದನ್ನು ಕೆಡಿಸುತ್ತಾರೆ ಎಂಬುದು ಅವರ ನಂಬಿಕೆ. ಆಸ್ಟ್ರಿಯಾ ಮೂಲದ ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಕೂಡ ಮೊದಲಿಗೆ ಇದಕ್ಕೆ ಹತ್ತಿರದ ಒಂದು ನಿಲುವಿನಲ್ಲಿದ್ದರು. 1921ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥದ ಪ್ರಕಾರ ವಾಕ್ಯವೆಂಬುದು ಲೋಕಸ್ಥಿತಿಯ ಒಂದು ಚಿತ್ರ. ವಾಕ್ಯಕ್ಕೂ ಅದು ಹೇಳುವ ಸಂಗತಿಗೂ ಒಂದೇ ತಾರ್ಕಿಕ ರೂಪ, ಎಂದರೆ ಒಂದೇ ಒಳಜೋಡಣೆ, ಇರಲೇಬೇಕು. ಕೇಂಬ್ರಿಜ್‌ನಲ್ಲಿದ್ದ ಇಟಲಿಯ ಅರ್ಥಶಾಸ್ತ್ರಜ್ಞ ಪಿಯೆರೊ ಸ್ರಾಫಾ ಒಮ್ಮೆ ಬೆರಳ ತುದಿಗಳಿಂದ ಗಲ್ಲದ ಅಡಿಯನ್ನು ಹೊರಮುಖವಾಗಿ ಸವರಿ (ನೇಪಲ್ಸಿನ ಜನ ತಿರಸ್ಕಾರ ತೋರಿಸುವ ಸನ್ನೆ ಅದು) ‘ಇದರ ತಾರ್ಕಿಕ ರೂಪ ಯಾವುದು?’ ಎಂದು ಕೇಳಿದರೆಂದೂ ಅದರಿಂದ ವಿಟ್ಗೆನ್‌ಸ್ಟೈನರ ಹಳೆಯ ನಿಲುವು ಅಲುಗಿತೆಂದೂ ಅವರ ಶಿಷ್ಯರು ದಾಖಲಿಸಿದ್ದಾರೆ. ವಿಟ್ಗೆನ್‌ಸ್ಟೈನ್ 1951ರಲ್ಲಿ ತೀರಿಕೊಂಡ ಎರಡು ವರ್ಷಗಳ ಬಳಿಕ ಹೊರಬಂದ ಗ್ರಂಥದ ಆರಂಭದಲ್ಲೇ ಒಬ್ಬ ಗಾರೆಯವನೂ ಅವನ ಸಹಾಯಕನೂ ಬರುತ್ತಾರೆ. ಗಾರೆಯವನು ‘ಚಪ್ಪಡಿ’ ಎನ್ನುತ್ತಾನೆ, ಸಹಾಯಕ ಚಪ್ಪಡಿ ತಂದುಕೊಡುತ್ತಾನೆ. ಇಬ್ಬರ ನಡುವೆ ಇರುವುದು ನಾಲ್ಕೇ ಪದಗಳು, ಮತ್ತು ಅವುಗಳೊಡನೆ ನಡೆಯುವ ಕೆಲಸ. ಮಾತು ಮತ್ತು ಕೆಲಸ ಹೀಗೆ ಹೆಣೆದುಕೊಂಡದ್ದನ್ನು ವಿಟ್ಗೆನ್‌ಸ್ಟೈನ್ ‘ಭಾಷಾ ಆಟ’ ಎಂದು ಕರೆದರು. ಪದದ ಅರ್ಥವನ್ನು ಬಹುಮಟ್ಟಿಗೆ ಅದರ ಬಳಕೆಯಲ್ಲೇ ಹುಡುಕಬೇಕು. ಕಂಡಕ್ಟರನ ‘ರೈಟ್’ ಆ ಚಪ್ಪಡಿಯ ಖಾಸಾ ತಮ್ಮ.

ಈ ‘ಭಾಷಾ ಆಟ’ವನ್ನೇ ಎತ್ತಿಕೊಂಡು ಫ್ರಾನ್ಸಿನ ತತ್ತ್ವಜ್ಞಾನಿ ಝಾನ್ ಫ್ರಾಂಸ್ವಾ ಲ್ಯೋತಾರ್ 1979ರಲ್ಲಿ ಆಧುನಿಕೋತ್ತರ ಸ್ಥಿತಿಯ ಕುರಿತಾದ ತಮ್ಮ ಪುಸ್ತಕವನ್ನು ಬರೆದರು. ಕೆನಡಾದ ಕ್ವೆಬೆಕ್ ಸರ್ಕಾರದ ವಿಶ್ವವಿದ್ಯಾಲಯ ಮಂಡಳಿಗಾಗಿ ಸಿದ್ಧಪಡಿಸಿದ ವರದಿ ಅದು. ವಿಜ್ಞಾನ, ಕಾನೂನು, ಕಥೆ, ಆಜ್ಞೆ ಎಲ್ಲಕ್ಕೂ ತಮ್ಮತಮ್ಮ ಆಟದ ನಿಯಮಗಳಿವೆ, ಅವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ‘ಮಹಾಕಥನ’ಗಳ ಮೇಲೆ ನಂಬಿಕೆ ಸವೆದಿದೆ ಎಂಬುದು ಅದರ ಸಾರ. ‘ಆಧುನಿಕೋತ್ತರರ ಪ್ರಕಾರ ಯಾರು ಏನು ಹೇಳಿದರೂ ಸರಿ, ಪದಕ್ಕೆ ನನಗೆ ಬೇಕಾದ ಅರ್ಥ’ ಎಂಬ ಮಾತನ್ನು ವಿಚಾರಗೋಷ್ಠಿಗಳಲ್ಲಿ ಹೊಗಳಿಕೆಯಾಗಿಯೂ ಬೈಗುಳವಾಗಿಯೂ ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಲ್ಯೋತಾರ್ ಹೇಳಿದ್ದು ಬಹುತೇಕ ಇದರ ವಿರುದ್ಧ: ನಿಯಮ ಇಲ್ಲದಿದ್ದರೆ ಆಟವೇ ಇಲ್ಲ, ನಿಯಮವನ್ನು ಒಂದಿಷ್ಟು ಬದಲಿಸಿದರೂ ಆಟವೇ ಬೇರೆಯಾಗುತ್ತದೆ. ನಿಯಮ ಆಕಾಶದಿಂದ ಇಳಿದದ್ದಲ್ಲ, ಆಡುವವರ ನಡುವಿನ ಒಪ್ಪಂದ ಎಂದಷ್ಟೇ ಅವರು ಸೇರಿಸಿದರು. ಒಪ್ಪಂದ ಎಂದಮೇಲೆ ಒಬ್ಬರೇ ಕೂತು ಅದನ್ನು ಮಾಡಿಕೊಳ್ಳಲು ಸಾಧ್ಯವಿಲ್ಲ.

ಆಧುನಿಕೋತ್ತರರ ಸಾಲಿನಲ್ಲೇ ಹೆಸರಿಸಲಾಗುವ ಫ್ರಾನ್ಸಿನ ಇನ್ನೊಬ್ಬ ತತ್ತ್ವಜ್ಞಾನಿ ಝಾಕ್ ದೆರಿದಾ ಅವರ ವಿಚಾರವನ್ನು ಅರ್ಥಮಾಡಿಕೊಳ್ಳಲು ನಮ್ಮ ಕರಾವಳಿಯವರಿಗೆ, ವೇಷವೂ ಕುಣಿತವೂ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಗಿಂತ ಒಳ್ಳೆಯ ದಾರಿ ಇಲ್ಲ. ಪ್ರಸಂಗದ ಪದ್ಯ ಅಚ್ಚಾಗಿರುತ್ತದೆ, ಭಾಗವತರು ಅದನ್ನು ಹಾಡುತ್ತಾರೆ. ಆಮೇಲೆ ಅರ್ಥಧಾರಿ ಆ ಕ್ಷಣಕ್ಕೆ ಹುಟ್ಟಿಸಿ ಆಡುವ ಮಾತಿಗೆ ನಾವು ಇಟ್ಟ ಹೆಸರೇ ‘ಅರ್ಥ’. ಉಡುಪಿಯಲ್ಲಿ ನಿನ್ನೆ ಕರ್ಣ ಹೇಳಿದ ಅರ್ಥ ಇಂದು ಸುರತ್ಕಲ್ಲಿನಲ್ಲಿ ಬರುವುದಿಲ್ಲ, ಏಕೆಂದರೆ ಎದುರಿಗಿರುವ ಕೃಷ್ಣ ಬೇರೆ, ಸಭೆ ಬೇರೆ. ಪದ್ಯ ಮಾತ್ರ ಅದೇ. ಮತ್ತೆ ಮತ್ತೆ ಬಳಸಲು ಬಾರದ ಗುರುತು ಗುರುತೇ ಅಲ್ಲ, ಮತ್ತೆ ಬಳಸಿದಾಗಲೆಲ್ಲ ಅದರ ಸಂದರ್ಭ ಹೊಸದಾಗಿರುತ್ತದೆ, ಹಾಗಾಗಿ ಅರ್ಥಕ್ಕೆ ಕೊನೆಯ ಬೀಗ ಹಾಕಲು ಬರುವುದಿಲ್ಲ ಎಂದು ದೆರಿದಾ ವಾದಿಸಿದರು. ಆದರೆ ಕರ್ಣನ ಪಾತ್ರಧಾರಿ ಎಷ್ಟೇ ವಾಗ್ಮಿಯಾಗಿರಲಿ, ಕೊನೆಗೆ ಅರ್ಜುನನನ್ನು ಕೊಂದು ಮನೆಗೆ ಹೋಗುವ ಹಾಗಿಲ್ಲ. ಹಾಗೆ ಮಾಡಿದರೆ ಭಾಗವತರಿಗೆ ಮುಂದಿನ ಪದ್ಯ ಎತ್ತಲು ಜಾಗವೇ ಇರುವುದಿಲ್ಲ. ಅರ್ಥ ತೆರೆದಿದೆ ಎಂಬುದಕ್ಕೂ ಅರ್ಥವೇ ಇಲ್ಲ ಎಂಬುದಕ್ಕೂ ಇರುವ ಅಂತರ ಇಷ್ಟು.

ಹಾಗಾದರೆ ಯಾರೂ ಬರೆಯದ ನಿಯಮ ಹುಟ್ಟುವುದು ಹೇಗೆ? ಈ ಪ್ರಶ್ನೆ ಈಗ ತತ್ತ್ವಜ್ಞಾನಿಗಳ ಕೈಯಲ್ಲಷ್ಟೇ ಇಲ್ಲ. 1990ರ ದಶಕದಲ್ಲಿ ಬೆಲ್ಜಿಯಮ್ಮಿನ ವಿಜ್ಞಾನಿ ಲ್ಯೂಕ್ ಸ್ಟೀಲ್ಸ್ ಕಂಪ್ಯೂಟರಿನಲ್ಲಿ ಕಲ್ಪಿತ ಮಾತುಗಾರರನ್ನು ಸೃಷ್ಟಿಸಿ ‘ಹೆಸರಿಡುವ ಆಟ’ವನ್ನು ಆಡಿಸಿದರು. ಅದರ ಅತ್ಯಂತ ಸರಳ ರೂಪ ಹೀಗಿದೆ. ಮಾತುಗಾರರಲ್ಲಿ ಯಾರಾದರೂ ಇಬ್ಬರು ಎದುರಾಗುತ್ತಾರೆ. ಒಬ್ಬ ಎದುರಿನ ವಸ್ತುವಿಗೆ ಒಂದು ಹೆಸರು ಹೇಳುತ್ತಾನೆ. ಕೇಳಿದವನಿಗೆ ಆ ಹೆಸರು ಗೊತ್ತಿಲ್ಲದಿದ್ದರೆ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಗೊತ್ತಿದ್ದರೆ ಇಬ್ಬರೂ ಆ ಹೆಸರನ್ನು ಉಳಿಸಿಕೊಂಡು ಉಳಿದವನ್ನು ಅಳಿಸಿಬಿಡುತ್ತಾರೆ. ಇಷ್ಟೇ. ಮುಖ್ಯಸ್ಥರಿಲ್ಲ, ನಿಘಂಟಿಲ್ಲ, ಮತದಾನವಿಲ್ಲ. ಮೊದಮೊದಲು ಹೆಸರುಗಳ ಸಂತೆ ನೆರೆಯುತ್ತದೆ. ಸ್ವಲ್ಪ ಕಾಲದ ನಂತರ ಒಮ್ಮೆಗೇ ಎಂಬಂತೆ ಎಲ್ಲರೂ ಒಂದೇ ಹೆಸರಿಗೆ ಬಂದು ನಿಲ್ಲುತ್ತಾರೆ. ಗದ್ದೆಗೆ ಅಡ್ಡವಾಗಿ ಬಿದ್ದ ಕಾಲುದಾರಿಯ ಹಾಗೆ ಇದು: ದಾರಿ ಮಾಡಬೇಕೆಂದು ಯಾರೂ ಹೊರಟಿರುವುದಿಲ್ಲ, ಮೊದಲು ನಡೆದವರ ಹೆಜ್ಜೆಯಿಂದ ಹುಲ್ಲು ಒರಗಿದ್ದರಿಂದ ಮುಂದಿನವರಿಗೆ ಅಲ್ಲೇ ನಡೆಯುವುದು ಸುಲಭವಾಗುತ್ತದೆ. ಪ್ರತಿ ಯಶಸ್ಸೂ ಮುಂದಿನ ಯಶಸ್ಸನ್ನು ಹೆಚ್ಚು ಸಂಭವನೀಯವಾಗಿಸುತ್ತದೆ. ಈ ಆಟದ ಇಡೀ ಯಂತ್ರವೇ ಈ ಒಂದು ತಿರುಗಣೆಯ ಮೇಲೆ ನಿಂತಿದೆ.

ನನಗೆ ಇದಕ್ಕಿಂತಲೂ ಪ್ರಿಯವಾದ ಹೋಲಿಕೆ ಅಳಿವೆಯದು. ಬೆಂಗ್ರೆಯ ಬಳಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿ ಮರಳಿನ ದಿಬ್ಬ ಮಳೆಗಾಲದ ನೆರೆಗೂ ಬೇಸಿಗೆಯ ತೆರೆಗೂ ತಕ್ಕಂತೆ ಜಾಗ ಬದಲಿಸುತ್ತದೆ. ದೋಣಿ ನಡೆಸುವವರು ಇಂದಿನ ಆಳ ಎಲ್ಲಿದೆಯೆಂದು ನೋಡಿಯೇ ಅಳಿವೆ ಬಾಗಿಲು ದಾಟುತ್ತಾರೆ. ದಿಬ್ಬ ಸರಿಯುತ್ತದೆ ಎಂದ ಮಾತ್ರಕ್ಕೆ ಅದು ಇಲ್ಲವೆಂದು ಭಾವಿಸಿ ದೋಣಿಯನ್ನು ನೇರ ನುಗ್ಗಿಸಿದರೆ ದೋಣಿ ಒಡೆಯುತ್ತದೆ. ವಿಟ್ಗೆನ್‌ಸ್ಟೈನ್ ಕೂಡ ತಮ್ಮ ಕೊನೆಯ ದಿನಗಳ ಟಿಪ್ಪಣಿಗಳಲ್ಲಿ ನದಿಯ ಪಾತ್ರವನ್ನೇ ನೆನೆದಿದ್ದಾರೆ: ನೀರಿನ ಚಲನೆ ಬೇರೆ, ಪಾತ್ರವೇ ಸರಿಯುವುದು ಬೇರೆ, ಎರಡರ ನಡುವೆ ಚೂಪಾದ ಗೆರೆ ಇಲ್ಲ; ದಂಡೆಯ ಒಂದು ಭಾಗ ಗಟ್ಟಿ ಬಂಡೆ, ಇನ್ನೊಂದು ಭಾಗ ಮರಳು. ವ್ಯಾಕರಣ ಬಂಡೆಯಂತೆ ನಿಧಾನವಾಗಿ ಸವೆಯುತ್ತದೆ, ಬಸ್ ಸ್ಟಾಪಿನ ಹೆಸರು ಮರಳಿನಂತೆ ಬೇಗ ಸರಿಯುತ್ತದೆ.

ಒಮ್ಮೆ ನಿಂತ ನಿಯಮ ಮತ್ತೆ ಕದಲಲು ಎಷ್ಟು ಜನ ಬೇಕು ಎಂಬುದನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20ರಿಂದ 30 ಜನರ ಗುಂಪುಗಳು ಚಿತ್ರದ ಮುಖವೊಂದಕ್ಕೆ ಒಮ್ಮತದ ಹೆಸರು ಕಂಡುಕೊಂಡವು. ಆಮೇಲೆ ಪಟ್ಟು ಬಿಡದೆ ಬೇರೆ ಹೆಸರನ್ನೇ ಹೇಳುವ ಕೆಲವರನ್ನು ಒಳಗೆ ಸೇರಿಸಲಾಯಿತು. ಅವರ ಪ್ರಮಾಣ ಸುಮಾರು ಶೇಕಡಾ 25ಕ್ಕಿಂತ ಕಡಿಮೆ ಇದ್ದಾಗ ಹಳೆಯ ಹೆಸರು ಅಲುಗಲಿಲ್ಲ; ಆ ಮಟ್ಟ ಮುಟ್ಟಿದಾಗ ಗುಂಪೇ ಹೊಸ ಹೆಸರಿಗೆ ಹೊರಳಿತು. ಊರಿನ ಭಾಷೆ ಪ್ರಯೋಗಶಾಲೆಯಷ್ಟು ಸರಳವಲ್ಲ, ಅದೇ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸುವುದು ತಪ್ಪಾಗುತ್ತದೆ. ಆದರೆ ಒಬ್ಬರ ಹಟಕ್ಕೆ ಬಗ್ಗದ ನಿಯಮ ಒಂದು ಹದ ಮೀರಿದ ಕೂಡಲೇ ಒಟ್ಟಾಗಿ ಮಗುಚಿಕೊಳ್ಳುತ್ತದೆ ಎಂಬ ನಡೆ ಗಮನಿಸತಕ್ಕದ್ದು.

ನಮ್ಮ ಹಿಂದಿನವರಿಗೆ ಈ ಅಳಿವೆಯ ಅನುಭವ ಚೆನ್ನಾಗಿಯೇ ಇತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ, ಕನ್ನಡಗಳಲ್ಲಿ ದೋಷ ಇಷ್ಟಿಷ್ಟು ಎಂದು ಎಣಿಸಹೊರಟರೆ ವಾಸುಕಿಯೂ ಬೇಸತ್ತುಹೋದಾನು, ಏಕೆಂದರೆ ದೇಸಿ ಬೇರೆ ಬೇರೆಯಾಗಿದೆ ಎಂಬ ಮಾತು ಬರುತ್ತದೆ. ‘ಕನ್ನಡಗಳು’ ಎಂಬ ಆ ಬಹುವಚನವನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಫರ್ಡಿನೆಂಡ್ ಕಿಟ್ಟೆಲ್ ಅವರ ಮಹಾನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಆ ಸಾಧನೆಯ ಮುಂದೆ ತಲೆ ಬಾಗಿಸಿಯೇ ಹೇಳುತ್ತೇನೆ: ನಿಘಂಟು ಅಳಿವೆಯ ನಕ್ಷೆ, ಒಂದು ದಿನ ಆಳ ಎಲ್ಲಿತ್ತು ಎಂಬುದರ ನಿಷ್ಠಾವಂತ ದಾಖಲೆ. ಮಹಾರಾಯನಾಗಿದ್ದವನು ಸವೆದು ‘ಮಾರಾಯ’ನಾದ, ಇಂದು ಮಂಗಳೂರಿನಲ್ಲಿ ಆ ಪದ ಯಾರನ್ನೂ ರಾಜನನ್ನಾಗಿ ಮಾಡುವುದಿಲ್ಲ, ಸಲಿಗೆಯನ್ನೋ ಸಣ್ಣ ಅಸಮಾಧಾನವನ್ನೋ ತೋರಿಸುತ್ತದೆ. ಹಾಗೆಂದು ಹಿರಿಯರ ಬಳಿ ಅದನ್ನು ಹಾಗೆಯೇ ಬಳಸುವಂತಿಲ್ಲ, ಅಲ್ಲಿ ‘ಮಾರಾಯ್ರೇ’ ಆಗಬೇಕು. ಯಾವ ಶಾಲೆಯೂ ಕಲಿಸದ ಈ ನಿಯಮವನ್ನು ಇಲ್ಲಿ ಬೆಳೆದವರು ತಪ್ಪುವುದಿಲ್ಲ.

ಪದದೊಳಗೇ ಅರ್ಥವೂ ಶಕ್ತಿಯೂ ಕುಳಿತಿದೆ ಎಂಬ ನಂಬಿಕೆ ಮೂಢನಂಬಿಕೆಯ ಕಡೆಗೆ ಜಾರುವುದನ್ನು ಕಂಡಾಗ ಮಾತ್ರ ನನಗೆ ಆತಂಕವಾಗುತ್ತದೆ. ರಾತ್ರಿ ಹೊತ್ತು ಹಾವು ಎನ್ನಬಾರದು, ಹೇಳಿದರೆ ಬರುತ್ತದೆ ಎಂದು ‘ಹುಳ’ ಎನ್ನುವವರು ಇದ್ದಾರೆ. ಹಾವು ಮನುಷ್ಯರ ಪದವನ್ನು ಗುರುತಿಸಿ ಬರುವ ಪ್ರಾಣಿಯಲ್ಲ. ಅದಲ್ಲದೆ, ಎಲ್ಲರೂ ‘ಹುಳ’ ಎಂದು ಹೇಳತೊಡಗಿದಾಗ ಬಳಕೆಯ ಬಲದಿಂದ ಆ ಪದವೇ ಹಾವಿನ ಹೆಸರಾಗಿಬಿಡುತ್ತದೆ. ಅಡಗಿಸಬೇಕೆಂದುಕೊಂಡದ್ದು ಹೊಸ ಪದದಲ್ಲಿ ಬಂದು ಕೂತಿರುತ್ತದೆ. ಹಾವು ಕಚ್ಚಿದವರನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ದು, ಬೇರೆ ಊರಿನಿಂದ ಬಂದ ವೈದ್ಯರ ಮುಂದೆ ‘ಹುಳ ಮುಟ್ಟಿತು’ ಎಂದರೆ ಏನಾದೀತು? ಅಲ್ಲಿ ಆಟ ಬೇರೆ, ಅಲ್ಲಿಯ ನಿಯಮದಲ್ಲಿ ಹಾವನ್ನು ಹಾವೆಂದೇ ಹೇಳಬೇಕು.

ನಮ್ಮ ಮನೆಯಲ್ಲಿ ದೀಪ ‘ಆರಿಸು’ ಎನ್ನುವುದಿಲ್ಲ, ‘ದೊಡ್ಡದು ಮಾಡು’ ಎನ್ನುತ್ತೇವೆ. ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಏಳು ವರ್ಷದ ಮೊಮ್ಮಗನಿಗೆ ನನ್ನ ಅಕ್ಕ ‘ದೇವರ ಕೋಣೆಯ ದೀಪ ದೊಡ್ಡದು ಮಾಡಿ ಬಾ ಮಗಾ’ ಎಂದಳು. ಹುಡುಗ ಹೋಗಿ ಕಡ್ಡಿಯಿಂದ ಬತ್ತಿಯನ್ನು ಮುಂದೆ ದೂಡಿ, ಇನ್ನಷ್ಟು ಎಣ್ಣೆ ಸುರಿದು, ಉರಿ ಗೇಣುದ್ದ ಏರಿದ್ದನ್ನು ಕಂಡು ಹಿಗ್ಗಿ ಎಲ್ಲರನ್ನೂ ಕರೆದ. ಅಕ್ಕ ಬೈಯಲಿಲ್ಲ, ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಗೆ ಅದ್ದಿ ತೋರಿಸಿ, ‘ದೊಡ್ಡದು ಮಾಡುವುದೆಂದರೆ ಹೀಗೆ’ ಎಂದಳು. ಹುಡುಗ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತು, ಗೋಡೆಯ ಸ್ವಿಚ್ಚಿನ ಕಡೆ ಕೈ ತೋರಿಸಿ, ‘ಹಾಗಾದ್ರೆ ಅಜ್ಜಿ, ಹಾಲ್‌ನ ಲೈಟೂ ದೊಡ್ಡದು ಮಾಡ್ಲಾ?’ ಎಂದು ಕೇಳಿದ. ‘ಅದನ್ನು ಬಂದ್ ಮಾಡು’ ಎಂದಳು ಅಕ್ಕ. ಎರಡಕ್ಕೂ ಬೇರೆ ಬೇರೆ ಪದ ಯಾಕೆ ಎಂದು ಅವನು ಕೇಳಿದ ಪ್ರಶ್ನೆಗೆ ಅವಳು ಕೊಟ್ಟ ಉತ್ತರ, ‘ನಾವು ಹಾಗೇ ಹೇಳುವುದು’ ಎಂದು. ಮರುದಿನ ಸಂಜೆ ಪೂಜೆಯಾದ ಮೇಲೆ ಯಾರೂ ಹೇಳುವ ಮುಂಚೆಯೇ ಅವನು ತಾಯಿಗೆ, ‘ಅಮ್ಮಾ, ದೀಪ ದೊಡ್ಡದು ಮಾಡ್ಲಾ?’ ಎಂದು ಕೇಳಿ, ತುಳಸಿಯ ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದು ಒಳಗೆ ಹೋದ.