ಜೂನ್ 30ರ ನಂತರ ಯಾವ ಊರು? ಇಂಗ್ಲಿಷ್ ಮಿಡ್‌ಫೀಲ್ಡರ್‌ಗಳ ಅಲೆದಾಟದ ಹಿನ್ನೆಲೆ

2012ರಲ್ಲಿ ಗೋವಾದ ಡೆಂಪೊ ಫುಟ್‌ಬಾಲ್ ಕ್ಲಬ್, ನಡು ಮೈದಾನದಲ್ಲಿ ಆಡುವ ರೋಹನ್ ರಿಕೆಟ್ಸ್ ಎಂಬ ಇಂಗ್ಲಿಷ್ ಮಿಡ್‌ಫೀಲ್ಡರ್‌ನನ್ನು ಕರೆತಂದಿತು. ಲಂಡನ್ನಿನ ಕ್ಲಾಪಮ್‌ನಲ್ಲಿ ಹುಟ್ಟಿ, ಆರ್ಸೆನಲ್ ಅಕಾಡೆಮಿಯಲ್ಲಿ ಬೆಳೆದು, ಟಾಟನ್‌ಹ್ಯಾಮ್ ಪರ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಆಡಿದವರು. ವಯಸ್ಸು ಇನ್ನೂ 30 ದಾಟಿರಲಿಲ್ಲ. ಅಷ್ಟರೊಳಗೆ ಕಾವೆಂಟ್ರಿ, ವುಲ್ವ್ಸ್, ಕ್ವೀನ್ಸ್ ಪಾರ್ಕ್ ರೇಂಜರ್ಸ್, ಬಾರ್ನ್ಸ್‌ಲಿ, ಕೆನಡಾದ ಟೊರಾಂಟೊ, ಹಂಗೇರಿಯ ಡಿಯೋಶ್ಗ್ಯೋರ್, ಮಾಲ್ಡೋವಾದ ಡಾಚಿಯಾ, ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್, ಐರ್ಲೆಂಡಿನ ಶಾಮ್ರಾಕ್ ರೋವರ್ಸ್, ಮತ್ತೆ ಇಂಗ್ಲೆಂಡಿನ ಎಕ್ಸೆಟರ್ ಎಲ್ಲ ಮುಗಿದಿದ್ದವು. ಗೋವಾ ನಂತರ ಇಕ್ವೆಡಾರ್, ಥಾಯ್ಲೆಂಡ್.

ಈ ಪಟ್ಟಿ ಓದಿದವರ ತಲೆಗೆ ಬರುವ ಮೊದಲ ಮಾತು, ‘ಇವನಿಗೆ ಎಲ್ಲೂ ನೆಲೆ ನಿಲ್ಲಲು ಬರಲಿಲ್ಲ’ ಎಂಬುದು. ಎರಡನೆಯದು ‘ದುಡ್ಡಿನ ಹಿಂದೆ ಓಡಿದ’ ಎಂಬುದು. ಎರಡನ್ನೂ ಬದಿಗಿಟ್ಟು, ಇಂಥ ಪಟ್ಟಿ ಹೇಗೆ ಬೆಳೆಯುತ್ತದೆ ಎಂದು ನೋಡಹೊರಟರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಇಂಗ್ಲಿಷರು ಇಂಥ ಆಟಗಾರನನ್ನು ‘ಜರ್ನಿಮನ್’ ಎನ್ನುತ್ತಾರೆ. ಕೇಳಿದೊಡನೆ ಪ್ರಯಾಣ ನೆನಪಾಗುತ್ತದೆ, ಆದರೆ ಪದದ ಮೂಲ ಬೇರೆ. ಫ್ರೆಂಚಿನಲ್ಲಿ ‘ಜುರ್ನೆ’ ಎಂದರೆ ಒಂದು ದಿನ, ಒಂದು ದಿನದ ದುಡಿಮೆ. ಬಡಗಿಯೋ ಕಮ್ಮಾರನೋ ಗುರುವಿನ ಹತ್ತಿರ ಕಸುಬು ಕಲಿತು ಮುಗಿಸಿ, ಸ್ವಂತ ಅಂಗಡಿ ಇಡುವಷ್ಟು ಕೈಗೂಡದೆ ದಿನದ ಲೆಕ್ಕದಲ್ಲಿ ದುಡಿಯುತ್ತಿದ್ದರೆ ಅವನು ಜರ್ನಿಮನ್. ಕಸುಬು ಬಲ್ಲವನು ಎಂಬ ಗೌರವ ಆ ಪದದೊಳಗೇ ಇತ್ತು. ಫುಟ್‌ಬಾಲ್‌ಗೆ ಬರುವಷ್ಟರಲ್ಲಿ ಗೌರವ ಸವೆದು ಅಲೆದಾಟವಷ್ಟೇ ಉಳಿಯಿತು.

ಮೊದಲಿಗೆ ಸಮಸ್ಯೆ ಇದರ ತದ್ವಿರುದ್ಧವಾಗಿತ್ತು: ಆಟಗಾರ ಕದಲುವಂತೆಯೇ ಇರಲಿಲ್ಲ. 1885ರಲ್ಲಿ ವೃತ್ತಿಪರ ಆಟಕ್ಕೆ ಅನುಮತಿ ಸಿಕ್ಕಿತು, 1893ರಲ್ಲಿ ಆಟಗಾರನ ನೋಂದಣಿಯನ್ನು ಕ್ಲಬ್ಬೇ ಹಿಡಿದಿಟ್ಟುಕೊಳ್ಳುವ ಪದ್ಧತಿ ಬಂತು, 1901ರಲ್ಲಿ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವಂತಿಲ್ಲ ಎಂಬ ಮಿತಿ ಬಿತ್ತು. ಅಲ್ಲಿಂದ ಅರವತ್ತು ವರ್ಷ ಈ ಎರಡು ಹಗ್ಗಗಳ ನಡುವೆಯೇ ಇಂಗ್ಲಿಷ್ ಆಟಗಾರನ ಬದುಕು ಸಾಗಿತು. ಕರಾರು ಮುಗಿದರೂ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಕ್ಲಬ್ ಬಿಡದಿದ್ದರೆ ಬೇರೆ ಕಡೆ ಆಡುವಂತಿಲ್ಲ, ಹೊಸ ಕರಾರಿಗೆ ಸಹಿ ಹಾಕದಿದ್ದರೆ ಸಂಬಳವೂ ಇಲ್ಲ. ಸಂಬಳದ ಮಿತಿ 1958ರಲ್ಲಿ ಏರಿ ಏರಿ ವಾರಕ್ಕೆ 20 ಪೌಂಡ್ ಆಗಿತ್ತು, ಅಷ್ಟೇ.

ಈ ಹಗ್ಗವನ್ನು ಮೊದಲು ಜಗ್ಗಿ ನೋಡಿ ಗೆದ್ದವರು ನ್ಯೂಕಾಸಲ್‌ನ ಜಾರ್ಜ್ ಈಸ್ಟಮ್. ಕ್ಲಬ್ ಕೊಟ್ಟ ಮನೆ ಸರಿಯಿರಲಿಲ್ಲ, ಹೇಳಿದ ಹೊರಗಿನ ಕೆಲಸವೂ ಒಗ್ಗಲಿಲ್ಲ ಎಂದು ಅವರು ವರ್ಗಾವಣೆ ಕೇಳಿದರು. ಕ್ಲಬ್ ಒಪ್ಪಲಿಲ್ಲ. 1960ರ ಬೇಸಿಗೆಯಲ್ಲಿ ಕರಾರು ಮುಗಿದಾಗ ಅವರು ಸಹಿ ಹಾಕಲಿಲ್ಲ. ಆಡುವ ಹಾಗಿಲ್ಲ, ಸಂಬಳವೂ ಇಲ್ಲ. ಹಾಗೆಂದು ಕೈಕಟ್ಟಿ ಕೂರಲಿಲ್ಲ. ದಕ್ಷಿಣಕ್ಕೆ, ಸರ್ರೆ ಕೌಂಟಿಗೆ ಹೋಗಿ ಗೆಳೆಯರೊಬ್ಬರ ಜೊತೆ ಕಾರ್ಕ್ ಮಾರತೊಡಗಿದರು. ಬಾಟಲಿಯ ಬಿರಟೆಗೆ ಬಳಸುವ ಅದೇ ಕಾರ್ಕ್. ದೇಶದ ಅತ್ಯುತ್ತಮ ಪಾಸ್ ಕೊಡಬಲ್ಲವರಲ್ಲಿ ಒಬ್ಬ, ಮೈದಾನ ಬಿಟ್ಟು ಸರಕು ಮಾರುತ್ತಿದ್ದ ಆ ತಿಂಗಳುಗಳನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ಆ ವರ್ಷದ ಕೊನೆಗೆ ಆರ್ಸೆನಲ್ 47,500 ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಬೇಕಾದ ಕ್ಲಬ್ ಸಿಕ್ಕಿತಲ್ಲ ಎಂದು ಸುಮ್ಮನಿರಬಹುದಿತ್ತು. ಆಟಗಾರರ ಸಂಘದ ಬೆಂಬಲದೊಂದಿಗೆ ಅವರು ಮೊಕದ್ದಮೆ ಮುಂದುವರಿಸಿದರು. 1963ರ ಜುಲೈನಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಕರಾರು ಮುಗಿದ ಮೇಲೂ ಆಟಗಾರನನ್ನು ಹಿಡಿದಿಡುವುದು ದುಡಿಮೆಯ ಹಕ್ಕಿನ ಮೇಲಿನ ಅಕ್ರಮ ನಿರ್ಬಂಧ ಎಂದು ತೀರ್ಪು ಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲೇ, 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರು ಮುಷ್ಕರದ ಎಚ್ಚರಿಕೆ ಕೊಟ್ಟು ಸಂಬಳದ ಮಿತಿಯನ್ನು ತೆಗೆಸಿದ್ದರು.

ಎರಡನೇ ಗಂಟು ಬಿಚ್ಚಿದ್ದು ಬೆಲ್ಜಿಯಂನಲ್ಲಿ. 1990ರಲ್ಲಿ ಕರಾರು ಮುಗಿದ ಜಾನ್ ಮಾರ್ಕ್ ಬಾಸ್ಮನ್‌ಗೆ ಲೀಜ್ ಕ್ಲಬ್ ಹಳೆಯ ಸಂಬಳದ ನಾಲ್ಕನೇ ಒಂದು ಭಾಗಕ್ಕೆ ಹೊಸ ಕರಾರು ಮುಂದಿಟ್ಟಿತು. ಫ್ರಾನ್ಸಿನ ಡಂಕರ್ಕ್‌ಗೆ ಹೋಗುವ ಪ್ರಯತ್ನ, ಹೊಸ ಕ್ಲಬ್ ಹಳೆಯ ಕ್ಲಬ್ಬಿಗೆ ಕೊಡಬೇಕಾದ ವರ್ಗಾವಣೆ ಶುಲ್ಕದ ಜಗಳದಲ್ಲಿ ಮುರಿದುಬಿತ್ತು. ಐದು ವರ್ಷದ ನಂತರ, 1995ರ ಡಿಸೆಂಬರ್ 15ರಂದು, ಯುರೋಪಿನ ನ್ಯಾಯಾಲಯ ಕರಾರು ಮುಗಿದವನಿಗೆ ಶುಲ್ಕ ಕೇಳುವಂತಿಲ್ಲ ಎಂದಿತು. ಬಾಸ್ಮನ್ ಕೂಡ ಮಿಡ್‌ಫೀಲ್ಡರ್. ದೊಡ್ಡ ಆಟಗಾರರು ಆ ತೀರ್ಪಿನಿಂದ ಕೋಟಿಗಟ್ಟಲೆ ಗಳಿಸಿದರು, ಮೊಕದ್ದಮೆ ಹೂಡಿದವರ ಆಟದ ಬದುಕು ಮಾತ್ರ ಅಲ್ಲಿಗೇ ಬಾಡಿತು.

ಇಲ್ಲಿಂದಾಚೆಗೆ ವಿಷಯ ಗೋಜಲಾಗುತ್ತದೆ. ಹಿಡಿದಿಡುವ ಹಕ್ಕು ಹೋದ ಮೇಲೆ, ಹಿಡಿದಿಡುವ ಹೊಣೆಯೂ ಹೋಯಿತು. ಮೇಲಿನ ಸ್ತರದ ಆಟಗಾರನಿಗೆ ಕ್ಲಬ್ಬುಗಳು ನಾಲ್ಕೈದು ವರ್ಷದ ಕರಾರು ಕೊಟ್ಟು ಕಟ್ಟಿಕೊಂಡವು. ಶುಲ್ಕವಿಲ್ಲದೆ ಕಳೆದುಕೊಳ್ಳುವ ಭಯ. ನಡುವಿನವನ ವಿಷಯದಲ್ಲಿ ಆ ಭಯವಿರಲಿಲ್ಲ. ಅವನಿಗೆ ಒಂದು ವರ್ಷ, ಬಹಳವಾದರೆ ಎರಡು. ಪ್ರೀಮಿಯರ್ ಲೀಗ್‌ನ 20, ಕೆಳಗಿನ ಮೂರು ವಿಭಾಗಗಳ 72, ಒಟ್ಟು 92 ಕ್ಲಬ್ಬುಗಳಲ್ಲಿ ಎರಡು ಸಾವಿರಕ್ಕೂ ಮೀರಿ ಆಟಗಾರರಿರುತ್ತಾರೆ. ಮೇ ತಿಂಗಳಲ್ಲಿ ಪ್ರತಿ ಕ್ಲಬ್ ಒಂದು ಪಟ್ಟಿ ಹೊರಡಿಸುತ್ತದೆ: ಉಳಿಸಿಕೊಂಡವರು ಯಾರು, ಬಿಟ್ಟವರು ಯಾರು. ಕರಾರುಗಳು ಜೂನ್ 30ಕ್ಕೆ ಮುಗಿಯುತ್ತವೆ. ಮನೆ ಬಾಡಿಗೆಯದು, ಮಗುವಿಗೆ ಶಾಲೆ ಹುಡುಕಬೇಕು, ಜುಲೈ ಮೊದಲ ವಾರಕ್ಕೆ ತರಬೇತಿ ಶುರುವಾಗುತ್ತದೆ, ಆದರೆ ಯಾವ ಊರಲ್ಲಿ ಎಂದು ಗೊತ್ತಿಲ್ಲ. ಇದು ವರ್ಷ ವರ್ಷವೂ.

2002ರ ಬೇಸಿಗೆ ಇದರಲ್ಲಿ ಅತಿ ಕೆಟ್ಟದ್ದು. ಕೆಳ ವಿಭಾಗಗಳ ಪ್ರಸಾರಕ್ಕೆ ಐಟಿವಿ ಡಿಜಿಟಲ್ ಎಂಬ ಚಾನೆಲ್ 31.5 ಕೋಟಿ ಪೌಂಡ್‌ಗೆ ಒಪ್ಪಿಕೊಂಡಿತ್ತು. ಆ ವಸಂತದಲ್ಲಿ ಚಾನೆಲ್ ಮುಚ್ಚಿತು. ಬರುತ್ತದೆಂದು ಲೆಕ್ಕ ಹಾಕಿ ಸಂಬಳ ನಿಗದಿ ಮಾಡಿದ್ದ ಕ್ಲಬ್ಬುಗಳು ನೂರಾರು ಆಟಗಾರರನ್ನು ಒಟ್ಟಿಗೇ ಬಿಟ್ಟವು. ಹತ್ತೊಂಬತ್ತರ ರಿಕೆಟ್ಸ್ ಆರ್ಸೆನಲ್ ಬಿಟ್ಟದ್ದು ಅದೇ ಬೇಸಿಗೆಯಲ್ಲಿ.

2001ರಲ್ಲಿ ಆರ್ಸೆನಲ್ ಹುಡುಗರು ಎಫ್‌ಎ ಯೂತ್ ಕಪ್ ಗೆದ್ದಾಗ ರಿಕೆಟ್ಸ್ ಆ ತಂಡದಲ್ಲಿದ್ದರು. ಅದೇ ಗುಂಪಿನಿಂದ ಬಂದ ಇನ್ನೊಬ್ಬ ಮಿಡ್‌ಫೀಲ್ಡರ್ ಸ್ಟೀವ್ ಸಿಡ್‌ವೆಲ್. ಅವರೂ ಬ್ರೆಂಟ್‌ಫರ್ಡ್, ಬ್ರೈಟನ್, ಬೆಲ್ಜಿಯಂನ ಬೆವೆರನ್ ಕಡೆಗೆ ಎರವಲು (ಕರಾರು ಹಳೆಯ ಕ್ಲಬ್ಬಿನಲ್ಲೇ ಇದ್ದು, ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಆಡಲು) ಹೋಗಿ, ರೆಡಿಂಗ್, ಚೆಲ್ಸಿ, ಆಸ್ಟನ್ ವಿಲ್ಲಾ, ಫುಲಮ್, ಸ್ಟೋಕ್ ಸುತ್ತಿ ಮತ್ತೆ ಬ್ರೈಟನ್‌ಗೆ ಬಂದರು. ಆರ್ಸೆನಲ್ ಮೊದಲ ತಂಡದ ಪರ ರಿಕೆಟ್ಸ್ ಆಡಿದ್ದು ಒಂದೇ ಒಂದು ಪಂದ್ಯ: 2001ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಲೀಗ್ ಕಪ್‌ನಲ್ಲಿ, ಬದಲಿಯಾಗಿ.

ಅವರನ್ನು ಟಾಟನ್‌ಹ್ಯಾಮ್‌ಗೆ ತಂದವರು ಗ್ಲೆನ್ ಹಾಡಲ್. ಸ್ವತಃ ನಡು ಮೈದಾನದ ದೊಡ್ಡ ಕಲಾವಿದರಾಗಿದ್ದವರು. ಚೆಂಡನ್ನು ಜೋಪಾನವಾಗಿ ಇಟ್ಟುಕೊಳ್ಳಬಲ್ಲ ಹುಡುಗನಲ್ಲಿ ಏನೋ ಕಂಡರು. 2003ರ ಆಗಸ್ಟ್‌ನಲ್ಲಿ ಶುರುವಾದ ಋತುವಿನಲ್ಲಿ ರಿಕೆಟ್ಸ್ ಮೊದಲ ತಂಡಕ್ಕೆ ಬಂದರು. ಸೆಪ್ಟೆಂಬರ್‌ನಲ್ಲೇ ಹಾಡಲ್ ಅವರ ಕೆಲಸ ಹೋಯಿತು. ಡೇವಿಡ್ ಪ್ಲೀಟ್ ಹಂಗಾಮಿಯಾಗಿ ನೋಡಿಕೊಂಡ ಉಳಿದ ಋತುವಿನಲ್ಲಿ ರಿಕೆಟ್ಸ್‌ಗೆ ಜಾಗವಿತ್ತು. 2004ರ ಬೇಸಿಗೆಯಲ್ಲಿ ಜಾಕ್ ಸಾಂಟಿನಿ ಬಂದರು, ನವೆಂಬರ್‌ನಲ್ಲಿ ಅವರೂ ಹೋಗಿ ಮಾರ್ಟಿನ್ ಯೋಲ್ ಬಂದರು. ಒಂದೂಕಾಲು ವರ್ಷದಲ್ಲಿ ನಾಲ್ಕು ಮ್ಯಾನೇಜರ್‌ಗಳು. ಆ ಹೊತ್ತಿಗೆ ರಿಕೆಟ್ಸ್ ಕಾವೆಂಟ್ರಿಗೆ ಎರವಲು. ಡಿಸೆಂಬರ್‌ನಲ್ಲಿ ಹಾಡಲ್ ವುಲ್ವ್ಸ್‌ಗೆ ಮ್ಯಾನೇಜರ್ ಆದರು. 2005ರಲ್ಲಿ ರಿಕೆಟ್ಸ್ ಅಲ್ಲಿಗೆ ಮೊದಲು ಎರವಲು, ಆಮೇಲೆ ಕಾಯಂ. 2006ರ ಬೇಸಿಗೆಯಲ್ಲಿ ಹಾಡಲ್ ವುಲ್ವ್ಸ್ ಬಿಟ್ಟರು. ಮುಂದಿನ ವರ್ಷ ರಿಕೆಟ್ಸ್ ಕ್ವೀನ್ಸ್ ಪಾರ್ಕ್‌ಗೆ ಎರವಲು, ಬಳಿಕ ಬಾರ್ನ್ಸ್‌ಲಿ.

ಈ ದಿನಾಂಕಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಆಟಗಾರನ ಚಂಚಲತೆಗಿಂತ ಬೇರೇನೋ ಕಾಣುತ್ತದೆ. ಮ್ಯಾನೇಜರ್ ಬದಲಾದ ಬಹುತೇಕ ಸಲ ಅವರ ಊರೂ ಬದಲಾಗಿದೆ.

ಮಿಡ್‌ಫೀಲ್ಡರ್‌ಗಳಿಗೆ ಇದು ಉಳಿದವರಿಗಿಂತ ಹೆಚ್ಚು ತಟ್ಟುತ್ತದೆ ಎಂಬುದು ನನ್ನ ನಂಬಿಕೆ. ಸ್ಟ್ರೈಕರ್‌ನ ಬೆಲೆ ಗೋಲಿನ ಲೆಕ್ಕದಲ್ಲಿದೆ, ಯಾವ ಮ್ಯಾನೇಜರ್ ಬಂದರೂ ಆ ಲೆಕ್ಕ ಓದಬಲ್ಲ. ಗೋಲ್‌ಕೀಪರ್‌ನ ಕೆಲಸ ಎಲ್ಲ ಕಡೆ ಒಂದೇ. ನಡು ಮೈದಾನದವನ ಕೆಲಸ ಹಾಗಲ್ಲ. ಒಬ್ಬ ಮ್ಯಾನೇಜರ್ ನಡುವೆ ಮೂವರನ್ನು ನಿಲ್ಲಿಸುತ್ತಾನೆ, ಇನ್ನೊಬ್ಬ ಇಬ್ಬರನ್ನು. ಒಬ್ಬನಿಗೆ ಚೆಂಡು ನೆಲದ ಮೇಲೆ ಹರಿಯಬೇಕು, ಇನ್ನೊಬ್ಬನಿಗೆ ನಡುವಿನವರ ತಲೆ ಮೇಲೆ ಹಾರಿ ನೇರ ಮುಂದಕ್ಕೆ ಹೋಗಬೇಕು. ಮೊದಲನೆಯವನ ಕೆಳಗೆ ತಂಡದ ಉಸಿರಾಗಿದ್ದವನು ಎರಡನೆಯವನ ಕೆಳಗೆ ಬೆಂಚಿನ ಮೇಲೆ. ಅವನ ಆಟ ಒಂದು ಚೂರೂ ಕೆಟ್ಟಿರುವುದಿಲ್ಲ. ಒಳ್ಳೆಯ ಪಾಸ್ ಕೊಟ್ಟು, ಸರಿಯಾದ ಜಾಗದಲ್ಲಿ ನಿಂತು, ಎದುರಾಳಿಯ ದಾರಿ ಮುಚ್ಚಿದ್ದಕ್ಕೆ ಆ ದಿನಗಳಲ್ಲಿ ಅಂಕಿ ಅಂಶವೂ ಹೆಚ್ಚಿರಲಿಲ್ಲ; ನೋಡಿದವರ ಬಾಯಿಮಾತೇ ಸಾಕ್ಷಿ. ಆ ಬಾಯಿಮಾತಿನವರು ಕೆಲಸ ಕಳೆದುಕೊಂಡರೆ ಸಾಕ್ಷಿಯೂ ಹೋದಂತೆ.

2008ರಲ್ಲಿ ರಿಕೆಟ್ಸ್ ಟೊರಾಂಟೊ ಸೇರಿದರು. ಅದರಾಚೆಗಿನ ದಾರಿ ನಕ್ಷೆಯ ಮೇಲೆ ವಿಚಿತ್ರವಾಗಿ ಕಂಡರೂ ಅದಕ್ಕೊಂದು ತರ್ಕವಿತ್ತು. ಆಟಗಾರರ ವರ್ಗಾವಣೆಗೆ ವರ್ಷದಲ್ಲಿ ಎರಡೇ ಅವಧಿ ಎಂಬ ನಿಯಮ ಇಂಗ್ಲೆಂಡಿಗೆ ಬಂದದ್ದು 2002-03ರಲ್ಲಿ. ಒಂದು ಕಡೆ ಬಾಗಿಲು ಮುಚ್ಚಿದಾಗ ಬೇರೆ ಋತುವಿನ ದೇಶದಲ್ಲಿ ತೆರೆದಿರುತ್ತದೆ. ಜೊತೆಗೆ ಒಂದು ಋತುವಿನಲ್ಲಿ ಮೂರು ಕ್ಲಬ್‌ಗೆ ನೋಂದಣಿಯಾಗಬಹುದು, ಆಡುವುದು ಎರಡಕ್ಕೆ ಮಾತ್ರ ಎಂಬ ಫಿಫಾ ಮಿತಿ. ಇದೆಲ್ಲವನ್ನೂ ಲೆಕ್ಕ ಹಾಕಿ ಏಜೆಂಟ್ ಫೋನ್ ಮಾಡುತ್ತಾನೆ, ಆಟಗಾರ ಸೂಟ್‌ಕೇಸ್ ಕಟ್ಟುತ್ತಾನೆ. ನಮ್ಮ ಉತ್ತರ ಕರ್ನಾಟಕದವರು ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವಾಗಲೂ ಎಲ್ಲಿ ಕೆಲಸ ಶುರುವಾಗಿದೆ ಎಂದು ಮೊದಲು ವಿಚಾರಿಸಿಯೇ ಹೊರಡುತ್ತಾರೆ.

ದಾರಿಯಲ್ಲಿ ಸಿಕ್ಕ ಊರುಗಳಿಗೂ ಅವುಗಳದೇ ಕಥೆಗಳಿದ್ದವು. ವಿಲ್ಹೆಲ್ಮ್ಸ್‌ಹಾಫೆನ್ ಜರ್ಮನಿಯ ಉತ್ತರ ಕಡಲ ತೀರದ ಸಣ್ಣ ಕ್ಲಬ್. ಅರ್ಜೆಂಟೀನಾದಿಂದ ಬಂದ ಒಬ್ಬ ಯುವಕನ ತರಬೇತಿಗಾಗಿ ಅಲ್ಲಿನ ಕ್ಲಬ್ಬುಗಳಿಗೆ ಪರಿಹಾರ ಕೊಡಬೇಕೆಂಬ ಫಿಫಾ ಆದೇಶವನ್ನು ಅದು ಒಪ್ಪಲಿಲ್ಲ, ಅದಕ್ಕಾಗಿ ಕೆಳ ವಿಭಾಗಕ್ಕೆ ತಳ್ಳಲ್ಪಟ್ಟಿತು. ಕೊನೆಗೆ 2016ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಕ್ಲಬ್ಬಿನ ಪರ ತೀರ್ಪಿತ್ತಿತು. 2011ರಲ್ಲಿ ರಿಕೆಟ್ಸ್ ಸೇರಿದ ಶಾಮ್ರಾಕ್ ರೋವರ್ಸ್ ಯುರೋಪಾ ಲೀಗ್‌ನ ಗುಂಪು ಹಂತ ತಲುಪಿತು; ಅದೇ ಗುಂಪಿನಲ್ಲಿ ಅವರ ಹಳೆಯ ಟಾಟನ್‌ಹ್ಯಾಮ್ ಇತ್ತು.

ಬೆಂಗಳೂರಿಗೂ ಈ ಜಾತಿಯ ಆಟಗಾರರ ಋಣವಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಕೋಚ್ ಆಗಿ ಬಂದ ಆ್ಯಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯಿಂದ ಹೊರಟು ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಸ್ವಿಂಡನ್, ರೆಕ್ಸಮ್ ಎಂದು ಅಲೆದ ರಕ್ಷಣಾ ಆಟಗಾರ. ತಂಡದ ಹಿಂಬದಿಗೆ ಬೆನ್ನೆಲುಬಾದ ಜಾನ್ ಜಾನ್ಸನ್ ಕೂಡ ಇಂಗ್ಲೆಂಡಿನ ಕೆಳ ವಿಭಾಗಗಳಲ್ಲಿ ಬೆವರು ಹರಿಸಿದವರು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಆ ತಂಡವನ್ನು ಅಶೋಕನಗರದ ಮೈದಾನದಲ್ಲಿ ನೋಡಿದವರಿಗೆ ಗೊತ್ತು, ಅದರ ಶಿಸ್ತು ಎಂಥದ್ದೆಂದು. ಹತ್ತು ಕ್ಲಬ್ಬುಗಳ ಡ್ರೆಸ್ಸಿಂಗ್ ರೂಮಿನಲ್ಲಿ ಹತ್ತು ರೀತಿಯ ಮ್ಯಾನೇಜರ್‌ಗಳನ್ನು ಕಂಡವನಿಗೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ಪುಸ್ತಕ ಓದದೆ ತಿಳಿದಿರುತ್ತದೆ.

ಈಗಿನ ಸ್ಥಿತಿ? ಕ್ಲಬ್ಬುಗಳು ಹುಡುಗರನ್ನು ಡಜನ್‌ಗಟ್ಟಲೆ ಎರವಲು ಕಳಿಸುವುದಕ್ಕೆ 2022ರಿಂದ ಫಿಫಾ ಕಡಿವಾಣ ಹಾಕಿದೆ, ಆದರೆ 21ರೊಳಗಿನವರಿಗೂ ಕ್ಲಬ್ಬಿನಲ್ಲೇ ತಯಾರಾದವರಿಗೂ ಅದು ಅನ್ವಯಿಸುವುದಿಲ್ಲ. 2024ರ ಅಕ್ಟೋಬರ್ 4ರಂದು ಲಸಾನಾ ಡಿಯಾರಾ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ, ಕರಾರು ಮುರಿದ ಆಟಗಾರನಿಗೆ ಫಿಫಾ ಹಾಕಿದ್ದ ಕಟ್ಟಳೆಗಳಲ್ಲಿ ಕೆಲವು ಕಾನೂನಿಗೆ ವಿರುದ್ಧ ಎಂದಿತು. ಈಸ್ಟಮ್ ಆಡುತ್ತಿದ್ದದ್ದು ದಾಳಿಗೂ ನಡು ಮೈದಾನಕ್ಕೂ ಕೊಂಡಿಯಾದ ಜಾಗದಲ್ಲಿ, ಬಾಸ್ಮನ್ ಮಿಡ್‌ಫೀಲ್ಡರ್, ಡಿಯಾರಾ ಕೂಡ ಮಿಡ್‌ಫೀಲ್ಡರ್. ಕಾಕತಾಳೀಯ ಇರಬಹುದು, ನನಗಂತೂ ಹಾಗನ್ನಿಸುವುದಿಲ್ಲ.

ಡಿಯಾರಾ ತೀರ್ಪು ಕರಾರು ಇರುವವನ ಬಗ್ಗೆ. ಕರಾರು ಮುಗಿದ ಇಂಗ್ಲಿಷ್ ಆಟಗಾರನ ದಾರಿ ಈ ನಡುವೆ ಇನ್ನೊಂದು ಕಡೆಯಿಂದ ಕಿರಿದಾಗಿದೆ. ಬ್ರಿಟನ್ ಯುರೋಪಿಯನ್ ಒಕ್ಕೂಟದ ವ್ಯವಸ್ಥೆಯಿಂದ ಪೂರ್ತಿ ಹೊರಬಂದ 2021ರ ಜನವರಿಯಿಂದ, ಐರ್ಲೆಂಡ್ ಒಂದನ್ನು ಬಿಟ್ಟರೆ, ಒಕ್ಕೂಟದ ಉಳಿದ ದೇಶಗಳಲ್ಲಿ ಅವನೂ ಹೊರಗಿನವನೇ. ರಿಕೆಟ್ಸ್ ಸೂಟ್‌ಕೇಸ್ ಹಿಡಿದು ಇಳಿದ ಡಿಯೋಶ್ಗ್ಯೋರ್‌ನಲ್ಲೂ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲೂ ಈಗ ಬೂಟು ತೊಡುವ ಮೊದಲು ಕೆಲಸದ ಪರವಾನಗಿ ತೋರಿಸಬೇಕು.