ಮುಂದಿನ ಪ್ಲೇಸ್ಟೇಷನ್ ಯಾವಾಗ? ಕ್ಯಾಲೆಂಡರ್ ಬಿಡಿ, ಬಿಡಿಭಾಗದ ರೇಟು ನೋಡಿ

1994, 2000, 2006, 2013, 2020. ಟಿವಿಗೆ ಸಿಕ್ಕಿಸಿ ಆಡುವ ಸೋನಿಯ ಗೇಮ್ ಯಂತ್ರ (ಕನ್ಸೋಲ್) ಪ್ಲೇಸ್ಟೇಷನ್‌ನ ಐದು ತಲೆಮಾರುಗಳು ಬಂದ ವರ್ಷಗಳಿವು. ನಡುವಿನ ಅಂತರ ಆರು, ಆರು, ಏಳು, ಏಳು. ಹಾಗಾದರೆ ಮುಂದಿನದು 2027 ಅಂತ ಯಾರು ಬೇಕಾದರೂ ಬೆರಳು ಮಡಚಿ ಹೇಳಬಹುದು. ಎಷ್ಟೋ ಜನ ಹೇಳುತ್ತಲೂ ಇದ್ದಾರೆ. ಇದೇ ಲೆಕ್ಕವನ್ನು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಹಾಕಿ ನೋಡಿ: 2001, 2005, 2013, 2020. ನಾಲ್ಕು, ಎಂಟು, ಏಳು. ಲೆಕ್ಕ ಅಲ್ಲೇ ಕೈಕೊಟ್ಟಿತು.

ಹೊಸ ಕನ್ಸೋಲ್ ಅಂದ ಕೂಡಲೇ ಎಲ್ಲರೂ ಪ್ರೊಸೆಸರ್, ಗ್ರಾಫಿಕ್ಸ್ ಬಗ್ಗೆ ಮಾತಾಡುತ್ತಾರೆ. ಅವೂ ಮುಖ್ಯವೇ. ಆದರೆ ಹಿಂದಿನದನ್ನು ಕೆದಕಿದರೆ ಇನ್ನೊಂದು ಪ್ರಶ್ನೆ ಮತ್ತೆ ಮತ್ತೆ ಅಡ್ಡ ಬರುತ್ತದೆ. ಆಟವನ್ನು ಯಾವುದರಲ್ಲಿ ತುಂಬಿ ಕೊಡುವುದು? ಅದು ಮಧ್ಯಮ ವರ್ಗದ ಮನೆಗೆ ಎಟಕುವ ಬೆಲೆಗೆ ಇಳಿಯುವುದು ಯಾವಾಗ?

90ರ ದಶಕದಲ್ಲಿ ನಾವೆಲ್ಲ ಟಿವಿ ಗೇಮ್‌ಗೆ ತುರುಕುತ್ತಿದ್ದ ಕ್ಯಾಸೆಟ್ ನೆನಪಿದೆ ಅಲ್ವಾ? ಆಟ ಬರದಿದ್ದರೆ ಬಾಯಲ್ಲಿ ಊದಿ ಮತ್ತೆ ಹಾಕುವುದು. ಅದರೊಳಗೆ ಇದ್ದದ್ದು ಟೇಪಲ್ಲ, ಚಿಪ್. ಚಿಪ್‌ನಿಂದ ಆಟ ತಕ್ಷಣ ಲೋಡ್ ಆಗುತ್ತದೆ. ಆದರೆ ತಯಾರಿಸಲು ದುಬಾರಿ, ಜಾಗವೂ ಕಡಿಮೆ. ಸಿಡಿ ಇದಕ್ಕೆ ತದ್ವಿರುದ್ಧ. ನಿಧಾನ, ಅಗ್ಗ, 650 ಎಂಬಿ ಜಾಗ. ಸಿಡಿ ಹಾಕುವ ಯಂತ್ರವನ್ನು ಮೊದಲು ಗೇಮ್ ಕಂಪನಿ ನಿಂಟೆಂಡೊ ಮತ್ತು ಸೋನಿ ಸೇರಿಯೇ ಮಾಡಬೇಕಿತ್ತು. 1991ರ ಜೂನ್‌ನಲ್ಲಿ ಸೋನಿ ಅದನ್ನು ಪ್ರಕಟಿಸಿದ ಮರುದಿನವೇ ನಿಂಟೆಂಡೊ ಫಿಲಿಪ್ಸ್ ಜೊತೆ ಕೈಜೋಡಿಸಿತು. ಮುಖಭಂಗವಾದ ಸೋನಿ ತಾನೇ ಕನ್ಸೋಲ್ ಮಾಡಿತು. ಪ್ಲೇಸ್ಟೇಷನ್ ಹುಟ್ಟಿದ್ದು ಹೀಗೆ.

ನಿಂಟೆಂಡೊ ಮಾತ್ರ 1996ರ ನಿಂಟೆಂಡೊ 64ರಲ್ಲೂ ಕಾರ್ಟ್ರಿಜ್ (ಅದೇ ಚಿಪ್ ಇರುವ ಕ್ಯಾಸೆಟ್) ಬಿಡಲಿಲ್ಲ. ಅದರ ಅತಿ ದೊಡ್ಡ ಕಾರ್ಟ್ರಿಜ್ 64 ಎಂಬಿ. ಮೂರು ಸಿಡಿ ತುಂಬುವ ‘ಫೈನಲ್ ಫ್ಯಾಂಟಸಿ 7’ ಅಲ್ಲಿ ಹಿಡಿಸುವ ಮಾತೇ ಇರಲಿಲ್ಲ, ಆಟ ಸೋನಿ ಪಾಲಾಯಿತು. ಎರಡು ಸಿಡಿಗಳ ‘ರೆಸಿಡೆಂಟ್ ಈವಿಲ್ 2’ ಅನ್ನು ವಿಡಿಯೊ ಸಮೇತ ಹಿಂಡಿ ಒಂದೇ 64 ಎಂಬಿ ಕಾರ್ಟ್ರಿಜ್‌ಗೆ ಇಳಿಸಿದರು. ಈಗಲೂ ನಂಬಲು ಕಷ್ಟವಾಗುವ ಸಾಹಸ ಅದು. ಆದರೆ ಪ್ರತಿ ಆಟಕ್ಕೂ ಹೀಗೆ ಒದ್ದಾಡಲು ಯಾರಿಗೆ ತಾಳ್ಮೆ ಇರುತ್ತೆ?

2000ದ ಪ್ಲೇಸ್ಟೇಷನ್ 2 ಡಿವಿಡಿ ತಂದಿತು. ಸಿನಿಮಾ ನೋಡುವುದಕ್ಕೂ ಆಯಿತು, ಆಡುವುದಕ್ಕೂ ಆಯಿತು. ಜನ ಮುಗಿಬಿದ್ದರು.

ಇದೇ ಗೆಲುವು ಸೋನಿಯ ಧೈರ್ಯವನ್ನು ಜಾಸ್ತಿ ಮಾಡಿರಬೇಕು. ಪ್ಲೇಸ್ಟೇಷನ್ 3ಕ್ಕೆ ಬ್ಲೂ-ರೇ ಹಾಕುವುದೆಂದು ತೀರ್ಮಾನವಾಯಿತು. ಒಂದು ಡಿಸ್ಕ್‌ನಲ್ಲಿ 25 ಅಥವಾ 50 ಜಿಬಿ. ಆದರೆ ಅದನ್ನು ಓದಲು ನೀಲಿ ಲೇಸರ್ ಬೇಕು, ಆಗ ಆ ಡಯೋಡ್‌ಗಳು ಸಾಕಷ್ಟು ಸಿಗುತ್ತಿರಲಿಲ್ಲ. 2006ರ ವಸಂತಕ್ಕೆ ಬರಬೇಕಿದ್ದ ಕನ್ಸೋಲ್ ನವೆಂಬರ್‌ಗೆ ಹೋಯಿತು. ಅದಕ್ಕೆ ಕೊಟ್ಟ ಕಾರಣ, ಬ್ಲೂ-ರೇಯ ನಕಲು ತಡೆ ವ್ಯವಸ್ಥೆ ಅಂತಿಮವಾಗಿಲ್ಲ ಅಂತ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಲೇಸರ್ ಡಯೋಡ್ ಸಾಲುತ್ತಿಲ್ಲ, ಯುರೋಪಿನವರು 2007ರ ಮಾರ್ಚ್‌ವರೆಗೆ ಕಾಯಬೇಕು! ಒಂದು ಪುಟ್ಟ ಬಿಡಿಭಾಗ ಇಡೀ ಖಂಡವನ್ನು ಕಾಯಿಸಿತು. ಬೆಲೆಯೂ ಹಾಗೇ. ಅಮೆರಿಕದಲ್ಲಿ 60 ಜಿಬಿ ಮಾದರಿಗೆ 599 ಡಾಲರ್. ಅದನ್ನು ತಯಾರಿಸಲು ಸುಮಾರು 840 ಡಾಲರ್ ಬೇಕೆಂದು ಬಿಡಿಭಾಗಗಳ ಬೆಲೆ ಲೆಕ್ಕ ಹಾಕುವ ಐಸಪ್ಲೈ ಸಂಸ್ಥೆ ಅಂದಾಜು ಮಾಡಿತ್ತು.

ಮೈಕ್ರೋಸಾಫ್ಟ್ ಕಾಯಲಿಲ್ಲ. ಹಳೆಯ ಡಿವಿಡಿಯನ್ನೇ ಹಾಕಿ 2005ರಲ್ಲೇ ಎಕ್ಸ್‌ಬಾಕ್ಸ್ 360 ಬಿಟ್ಟು ಒಂದು ವರ್ಷ ಮುಂದೆ ಓಡಿತು. ಬೆಲೆ ಇಳಿಸಲು 299 ಡಾಲರ್‌ನ ಮಾದರಿಯಲ್ಲಿ ಹಾರ್ಡ್ ಡಿಸ್ಕನ್ನೂ ತೆಗೆದಿತ್ತು. ಹಾಗಾಗಿ ಹಾರ್ಡ್ ಡಿಸ್ಕ್ ಇದ್ದೇ ಇರುತ್ತದೆ ಎಂದುಕೊಂಡು ಆಟ ಬರೆಯುವ ಹಾಗಿರಲಿಲ್ಲ. ಈ ಉಳಿತಾಯದ ಬಿಸಿ ಆಮೇಲೆ ತಟ್ಟಿತು. ‘ಲಾಸ್ಟ್ ಒಡಿಸ್ಸಿ’ ನಾಲ್ಕು ಡಿವಿಡಿಗಳಲ್ಲಿ ಬಂತು. ‘ಜಿಟಿಎ 5’ ಎರಡರಲ್ಲಿ, ಒಂದು ಇನ್‌ಸ್ಟಾಲ್ ಮಾಡಲು, ಇನ್ನೊಂದು ಆಡಲು. ಆದರೂ 360 ಚೆನ್ನಾಗಿಯೇ ಮಾರಾಟವಾಯಿತು. ಬೇಗ ಬರುವುದಕ್ಕೂ ದೊಡ್ಡ ಡಿಸ್ಕ್‌ನಷ್ಟೇ ಬೆಲೆ ಇದೆ ಅನ್ನಿ.

2008ರ ಫೆಬ್ರವರಿಯಲ್ಲಿ ತೋಶಿಬಾ ಬ್ಲೂ-ರೇಯ ಎದುರಾಳಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು. ಹಾಗಾದರೆ ಬ್ಲೂ-ರೇ ನಂತರ ಏನು? ಭವಿಷ್ಯ ಹೇಳುವವರಿಗೆ ಸುಗ್ಗಿಯೋ ಸುಗ್ಗಿ. 2009ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು 500 ಜಿಬಿಯ ಹೊಲೊಗ್ರಾಫಿಕ್ ಡಿಸ್ಕ್ ಬಗ್ಗೆ ಹೇಳಿದರು. 2010ರಲ್ಲಿ ಆನ್‌ಲೈವ್ ಶುರುವಾದಾಗ ಆಟ ಇಂಟರ್ನೆಟ್ಟಿನಿಂದಲೇ ಬರುತ್ತೆ, ಇನ್ನು ಕನ್ಸೋಲೇ ಬೇಡ ಎಂದರು. ಬಂದದ್ದು ಇವೆರಡೂ ಅಲ್ಲ. 2013ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 4 (ಪಿಎಸ್4) ಮತ್ತು ಎಕ್ಸ್‌ಬಾಕ್ಸ್ ಒನ್ ಎರಡೂ ಬಂದವು, ಎರಡರಲ್ಲೂ ಅದೇ ಬ್ಲೂ-ರೇ, ಪಕ್ಕದಲ್ಲಿ 500 ಜಿಬಿ ಹಾರ್ಡ್ ಡಿಸ್ಕ್. ಆಟವೆಲ್ಲ ಹಾರ್ಡ್ ಡಿಸ್ಕ್‌ಗೆ ಇಳಿಯುತ್ತಿತ್ತು. ತಂದ ಡಿಸ್ಕ್ ಬರೀ ಬೀಗದ ಕೈ ಆಯಿತು.

ನಿಜವಾದ ತಿರುವು ಇಲ್ಲಿದೆ. ಅಲ್ಲಿಯವರೆಗೆ ಡಿಸ್ಕ್‌ನಲ್ಲಿ ಎಷ್ಟು ಹಿಡಿಯುತ್ತೆ ಅನ್ನುವುದು ಪ್ರಶ್ನೆಯಾಗಿತ್ತು. ಆಮೇಲೆ ಎಷ್ಟು ಬೇಗ ಓದುತ್ತೆ ಅನ್ನುವುದು ಪ್ರಶ್ನೆಯಾಯಿತು. ಹಾರ್ಡ್ ಡಿಸ್ಕ್‌ನಲ್ಲಿ ಡೇಟಾ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹೀಗಾಗಿ ಆಟ ಮಾಡುವವರು ಒಂದೇ ವಸ್ತುವಿನ ಡೇಟಾವನ್ನು ಅಲ್ಲಲ್ಲಿ ನಕಲು ಮಾಡಿ ಇಡುತ್ತಿದ್ದರು. ಪಿಎಸ್5 ವಿನ್ಯಾಸ ಮಾಡಿದ ಮಾರ್ಕ್ ಸರ್ನಿ 2020ರ ಮಾರ್ಚ್‌ನ ಭಾಷಣದಲ್ಲಿ ‘ಸ್ಪೈಡರ್ ಮ್ಯಾನ್’ ಉದಾಹರಣೆ ಕೊಟ್ಟರು. ಆ ಆಟದ ನಗರದಲ್ಲಿ ಬೀದಿ ಬೀದಿಗೂ ಕಾಣುವ ಕೆಲವು ವಸ್ತುಗಳ ಡೇಟಾ ಹಾರ್ಡ್ ಡಿಸ್ಕ್‌ನಲ್ಲಿ 400 ಸಲ ಇತ್ತಂತೆ! ಪಿಎಸ್5ರಲ್ಲಿ ಹಾರ್ಡ್ ಡಿಸ್ಕ್ ಬದಲು ಬಂದದ್ದು ಚಿಪ್‌ನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ. ಅದರಲ್ಲಿ ಮುಳ್ಳೇ ಇಲ್ಲ, ಒಂದು ಪ್ರತಿ ಸಾಕು. ಪಿಎಸ್4ರಲ್ಲಿ 1 ಜಿಬಿ ಲೋಡ್ ಆಗಲು ಸುಮಾರು 20 ಸೆಕೆಂಡ್ ಬೇಕಾದರೆ, ಪಿಎಸ್5ರಲ್ಲಿ 2 ಜಿಬಿಗೆ 0.27 ಸೆಕೆಂಡ್ ಸಾಕು ಎಂಬುದು ಅವರು ತೋರಿಸಿದ ಲೆಕ್ಕ. ಎಸ್‌ಎಸ್‌ಡಿ ಹೊಸದೇನಲ್ಲ, ಲ್ಯಾಪ್‌ಟಾಪ್‌ಗಳಲ್ಲಿ ಅಷ್ಟು ಹೊತ್ತಿಗೆ ಮಾಮೂಲಿಯಾಗಿತ್ತು. 2013ರಲ್ಲೇ ಹಾಕಿದ್ದರೆ ಪಿಎಸ್4 ಅನ್ನು 399 ಡಾಲರ್‌ಗೆ ಮಾರಲು ಆಗುತ್ತಿರಲಿಲ್ಲ, ಅಷ್ಟೇ.

ಈಗಿನ ಪರಿಸ್ಥಿತಿಗೆ ಬರೋಣ. 2023ರಲ್ಲಿ ಅಮೆರಿಕದ ಕೋರ್ಟ್ ಕೇಸಿನ ನೆಪದಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್ ಕಾಗದಗಳಲ್ಲಿ ಮುಂದಿನ ಎಕ್ಸ್‌ಬಾಕ್ಸ್‌ಗೆ 2028 ಅಂತ ಇತ್ತು. 2025ರ ಅಕ್ಟೋಬರ್‌ನಲ್ಲಿ ಸರ್ನಿ ಚಿಪ್ ಕಂಪನಿ ಎಎಂಡಿ ಜೊತೆ ಕೂತು, ಮುಂದಿನ ಕನ್ಸೋಲ್‌ಗೆ ಇನ್ನು ಕೆಲವು ವರ್ಷ ಎಂದರು. ಆದರೆ ಯೋಜನೆ ಒಂದು ಕಡೆ, ರೇಟು ಇನ್ನೊಂದು ಕಡೆ. ಮೊದಲೆಲ್ಲ ಕನ್ಸೋಲ್ ಹಳೆಯದಾದಂತೆ ಬೆಲೆ ಇಳಿಯುತ್ತಿತ್ತು. 599 ಡಾಲರ್‌ನಿಂದ ಶುರುವಾದ ಪಿಎಸ್3, 2009ರ ಹೊತ್ತಿಗೆ 299ಕ್ಕೆ ಸಿಗುತ್ತಿತ್ತು. ಈ ಸಲ ಉಲ್ಟಾ. 499 ಡಾಲರ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025ರ ಅಕ್ಟೋಬರ್‌ಗೆ 649 ಆಯಿತು. ಭಾರತದಲ್ಲಿ 49,990 ರೂಪಾಯಿಗೆ ಬಂದ ಪಿಎಸ್5 ಎರಡೇ ವರ್ಷದೊಳಗೆ 54,990 ಮುಟ್ಟಿತು. ಸಾಲದ್ದಕ್ಕೆ 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಏರಿತು. 2006ರಲ್ಲಿ ನೀಲಿ ಲೇಸರ್ ಆಡಿಸಿದ ಆಟವನ್ನೇ ಈ ಸಲ ಮೆಮೊರಿ ಆಡಿಸಬಹುದು.

ಡಿಸ್ಕ್ ಕಥೆ ಇನ್ನೂ ಸರಳ. 100 ಜಿಬಿಯ ಬ್ಲೂ-ರೇ ನಂತರ ಆಟಕ್ಕೆ, ಸಿನಿಮಾಕ್ಕೆ ಅಂತ ಹೊಸ ಡಿಸ್ಕ್ ಬಂದೇ ಇಲ್ಲ. 2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೊದಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ, 2 ಟಿಬಿ ಎಸ್‌ಎಸ್‌ಡಿ ಇತ್ತು. (ಅದರ ವೈಫೈಗೆ ಬೇಕಾದ ತರಂಗಕ್ಕೆ ಇಲ್ಲಿ ಅನುಮತಿ ಇಲ್ಲ ಅಂತ ಆಗ ಭಾರತಕ್ಕೆ ಬರಲೂ ಇಲ್ಲ.) 2025ರ ನಿಂಟೆಂಡೊ ಸ್ವಿಚ್ 2ರ ಕೆಲವು ಕಾರ್ಡ್‌ಗಳಲ್ಲಂತೂ ಆಟವೇ ಇಲ್ಲ. ಕಾರ್ಡ್ ಸಿಕ್ಕಿಸಿ ಡೌನ್‌ಲೋಡ್ ಮಾಡಿಕೊಳ್ಳಬೇಕು.

ನನ್ನನ್ನು ಕೇಳಿದರೆ ಮುಂದಿನ ಪ್ಲೇಸ್ಟೇಷನ್ 2027ಕ್ಕೆ ಕಷ್ಟ, 2028 ಅನ್ನಬಹುದು. ಎಸ್‌ಎಸ್‌ಡಿ ಜನ ಆಸೆಪಟ್ಟಷ್ಟು ದೊಡ್ಡದಿರುವುದಿಲ್ಲ. ಡಿಸ್ಕ್ ಡ್ರೈವ್ ಬೇಕಾದವರು ಬೇರೆ ದುಡ್ಡು ಕೊಟ್ಟು ಸಿಕ್ಕಿಸಿಕೊಳ್ಳಬೇಕು.